ಹೊಟ್ಟೆಗೆ ಹಾಕಿಕೊಳ್ಳುವ ಮಾತು
(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಸರ್ವಧರ್ಮ ಚಿಂತನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ನನಗೆ ಕೊಟ್ಟ ವಿಷಯ ‘ಕ್ರೈಸ್ತ ಧರ್ಮದಲ್ಲಿ ದುಃಖ ಮತ್ತು ಕ್ಷಮೆ’. ನಾನು ಪಾದ್ರಿಯಲ್ಲ. ಈ ಶಾಲೆಯಲ್ಲಿ ಹತ್ತನೇ ತರಗತಿ ಪಾಸಾಗಿ, ಮುಂದೆ ಬೇರೆ ಬೇರೆ ಊರುಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಕ್ರೈಸ್ತ ಮನೆತನದಲ್ಲಿ ಹುಟ್ಟಿದ್ದರಿಂದ ಈ ಮಾತುಗಳನ್ನು ಬಾಲ್ಯದಿಂದ ಕೇಳಿಕೊಂಡು ಬಂದಿದ್ದೇನೆ. ಇದು ಸರ್ಕಾರಿ ಶಾಲೆ, ಎಲ್ಲರ ಶಾಲೆ. ಇಲ್ಲಿ ನಿಂತು ಯಾರನ್ನೂ ಯಾವ ಧರ್ಮಕ್ಕೂ ಕರೆಯುವುದು ನನ್ನ ಕೆಲಸವಲ್ಲ. ನಮ್ಮ ಮನೆಯಲ್ಲಿ ಏನು ಅಡುಗೆ ಮಾಡುತ್ತೇವೆ ಎಂದು ಪಕ್ಕದ ಮನೆಯವರು ಕೇಳಿದರೆ ಹೇಳುವ ಹಾಗೆ ಹೇಳುತ್ತೇನೆ.

ಮೊದಲು ಒಂದು ಮಾತು. ನಮ್ಮ ಸೀಮೆಗೂ ಕನ್ನಡ ಬೈಬಲಿಗೂ ಹತ್ತಿರದ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಪೂರ್ತಿ ಬೈಬಲು ಕನ್ನಡದಲ್ಲಿ ಬಂದದ್ದು 1831ರ ಹೊತ್ತಿಗೆ. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಮುಂದೆ 1894ರಲ್ಲಿ ಬಂದ ಕಿಟೆಲರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ 60 ವರ್ಷ ಮೊದಲೇ ಬಳ್ಳಾರಿಯ ಬಿಸಿಲಿನಲ್ಲಿ ಕುಳಿತು ಕನ್ನಡದ ಒಂದೊಂದೇ ಶಬ್ದ ಹೆಕ್ಕಿದವರಿದ್ದರು ಎಂಬುದನ್ನು ನಾವು ಮರೆಯಬಾರದು. ದೂರದ ದೇಶದ ಮಾತನ್ನು ಕನ್ನಡಕ್ಕೆ ತರುವಾಗ ಪಾಪ, ಕರುಣೆ, ಕ್ಷಮೆ, ಸಮಾಧಾನ ಎಂಬ ಶಬ್ದಗಳನ್ನು ಅವರು ಹೊಸದಾಗಿ ಕಟ್ಟಬೇಕಾಗಿರಲಿಲ್ಲ. ಅವು ನಮ್ಮಲ್ಲಿ ಮೊದಲೇ ಇದ್ದವು. ಶಬ್ದ ಇತ್ತು ಎಂದರೆ ಆ ನಡತೆಯೂ ಇತ್ತು ಎಂದೇ ಅರ್ಥ.

ಈಗ ದುಃಖದ ವಿಷಯಕ್ಕೆ ಬರುತ್ತೇನೆ.

ಧರ್ಮ ಎಂದರೆ ಅಳುವವರಿಗೆ ‘ಅಳಬೇಡ’ ಎಂದು ಹೇಳುವುದು ಎಂದು ಬಹಳ ಜನ ತಿಳಿದಿದ್ದಾರೆ. ಬೈಬಲು ಓದಿದರೆ ಹಾಗೆ ಕಾಣುವುದಿಲ್ಲ. ಅದರಲ್ಲಿ ಕೀರ್ತನೆಗಳ ಪುಸ್ತಕ ಎಂದಿದೆ, 150 ಕೀರ್ತನೆಗಳು. ಅವುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಗೋಳಿನ ಹಾಡುಗಳು. ದೇವರೇ ಎಲ್ಲಿದ್ದೀ, ಯಾಕೆ ಸುಮ್ಮನಿದ್ದೀ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಹಾಡುಗಳು. ಹೆಚ್ಚಿನವು ಕೊನೆಗೆ ಸ್ವಲ್ಪ ಧೈರ್ಯ ಹೇಳಿ ಮುಗಿಯುತ್ತವೆ. ಆದರೆ 88ನೇ ಕೀರ್ತನೆ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದರಲ್ಲಿ ಒಂದು ಸಾಂತ್ವನದ ಮಾತೂ ಇಲ್ಲ. ಅದನ್ನೂ ಹಿರಿಯರು ಪುಸ್ತಕದಿಂದ ತೆಗೆಯಲಿಲ್ಲ, ಪೂಜೆಯಲ್ಲಿ ಓದಲು ಉಳಿಸಿಕೊಂಡರು. ಪ್ರಲಾಪಗಳು ಎಂಬ ಇಡೀ ಪುಸ್ತಕವೇ ಇದೆ. ಯೆರೂಸಲೇಮ್ ಪಟ್ಟಣ ಸುಟ್ಟು ಹಾಳಾದಾಗಿನ ಐದು ಅಧ್ಯಾಯಗಳ ಗೋಳು. ಬಾಬಿಲೋನಿಗೆ ಸೆರೆಯಾಗಿ ಹೋದ ಜನ ಹೊಳೆಯ ದಂಡೆಯಲ್ಲಿ ಕುಳಿತು ತಮ್ಮ ಊರನ್ನು ನೆನೆದು ಅತ್ತದ್ದು 137ನೇ ಕೀರ್ತನೆ.

ಅದನ್ನು ಓದಿದಾಗಲೆಲ್ಲ ನನಗೆ ನಮ್ಮ ತುಂಗಭದ್ರೆಯ ಹಿನ್ನೀರು ನೆನಪಾಗುತ್ತದೆ. ಅಣೆಕಟ್ಟು ಕಟ್ಟಿದ ಕಾಲಕ್ಕೆ ಊರು, ಹೊಲ, ಗುಡಿ, ಹಿರಿಯರ ಸಮಾಧಿ ಎಲ್ಲವನ್ನೂ ನೀರಿಗೆ ಬಿಟ್ಟು ಬಂದ ಮನೆತನಗಳು ನಮ್ಮ ಭಾಗದಲ್ಲಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಗೆ ಹೋಗಿ, ‘ನಮ್ಮ ಮನಿ ಅಲ್ಲೆಲ್ಲೋ ಇತ್ತು ನೋಡಪ್ಪ’ ಎಂದು ಮೊಮ್ಮಕ್ಕಳಿಗೆ ತೋರಿಸಿದ ಅಜ್ಜಂದಿರನ್ನು ನಾನು ಕಂಡಿದ್ದೇನೆ. ಅವರಿಗೆ ಕೀರ್ತನೆ ಗೊತ್ತಿರಲಿಲ್ಲ. ಕೀರ್ತನೆ ಬರೆದವನ ಸಂಕಟ ಮಾತ್ರ ಚೆನ್ನಾಗಿ ಗೊತ್ತಿತ್ತು.

ಲಾಜರ ಎಂಬ ಗೆಳೆಯ ಸತ್ತಾಗ ಯೇಸು ಅವನ ಸಮಾಧಿಯ ಹತ್ತಿರ ಹೋಗುತ್ತಾನೆ. ಆತನು ಅಲ್ಲಿ ಕಣ್ಣೀರು ಹಾಕಿದನು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಗೆಳೆಯನನ್ನು ತಾನೇ ಎಬ್ಬಿಸುವವನಿದ್ದ ಎಂದು ಕಥೆ ಹೇಳುತ್ತದೆ. ಹಾಗಿದ್ದರೂ ಅತ್ತ. ಅಕ್ಕ-ತಂಗಿ ಅಳುತ್ತಿದ್ದರು, ಅದಕ್ಕೆ ಅತ್ತ. ನಾಳೆ ಸರಿಹೋಗುತ್ತದೆ ಎಂಬುದು ಇವತ್ತಿನ ಕಣ್ಣೀರನ್ನು ಸುಳ್ಳು ಮಾಡುವುದಿಲ್ಲ.

ದುಃಖದಲ್ಲಿರುವವರ ಹತ್ತಿರ ಹೇಗೆ ಹೋಗಬೇಕು ಎಂಬುದಕ್ಕೂ ಒಂದು ಪಾಠವಿದೆ. ಯೋಬ ಎಂಬ ದೊಡ್ಡ ಶ್ರೀಮಂತ. ದನಕರು ಹೋದವು, ಮಕ್ಕಳು ಸತ್ತರು, ಮೈತುಂಬ ಹುಣ್ಣು. ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಆಮೇಲೆ ಬಾಯಿ ತೆರೆದು, ‘ನೀನು ಏನೋ ತಪ್ಪು ಮಾಡಿರಬೇಕು, ಅದಕ್ಕೇ ಹೀಗಾಯಿತು’ ಎಂದು ಶುರುಮಾಡಿದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ದೇವರೊಡನೆಯೇ ಜಗಳವಾಡಿದ ಯೋಬನ ಮೇಲಲ್ಲ, ಉಪದೇಶ ಮಾಡಿದ ಗೆಳೆಯರ ಮೇಲೆ. ಅವರು ಮಾಡಿದ ಒಳ್ಳೆಯ ಕೆಲಸ ಆ ಏಳು ದಿನ ಸುಮ್ಮನೆ ಕುಳಿತದ್ದು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ತಾಯಿ ತೀರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನಮ್ಮ ಓಣಿಯ ಲಿಂಗಾಯತರ ಮನೆಯಿಂದ ರೊಟ್ಟಿ ಬಂತು, ಮುಸಲ್ಮಾನರ ಮನೆಯಿಂದ ಅನ್ನ-ಸಾರು ಬಂತು. ಬುತ್ತಿ ತಂದವರು ಹೆಚ್ಚು ಮಾತಾಡಲಿಲ್ಲ. ‘ಉಣ್ಣಪ್ಪ’ ಎಂದರು, ಅಷ್ಟೇ. ಹತ್ತು ದಿನ ಬಿಟ್ಟು ಶಾಲೆಗೆ ಬಂದೆ. ನನ್ನ ಬೆಂಚಿನ ಗೆಳೆಯ, ಈಗ ಈ ಸಭೆಯಲ್ಲೇ ಕುಳಿತಿದ್ದಾನೆ, ಹೆಸರು ಹೇಳಿದರೆ ನಾಚಿಕೊಳ್ಳುತ್ತಾನೆ, ಒಂದು ಮಾತೂ ಕೇಳಲಿಲ್ಲ. ಆ ಹತ್ತು ದಿನದ ಪಾಠವನ್ನೆಲ್ಲ ತನ್ನ ಕೈಯಿಂದ ನನ್ನ ನೋಟುಬುಕ್ಕಿಗೆ ಬರೆದಿಟ್ಟಿದ್ದ. ಆಮೇಲೆ ನಾನು ಸಾಂತ್ವನದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ನೋಟುಬುಕ್ಕಿಗಿಂತ ದೊಡ್ಡದು ಯಾವುದೂ ಸಿಕ್ಕಿಲ್ಲ.

ದುಃಖವನ್ನು ಹಂಚಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಸೇರುತ್ತಾರೆ. ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ಆದ ಸಾವಿಗೆ ನಮ್ಮ ಹಳ್ಳಿಯ ರೈತ ರಿವಾಯತ್ ಪದ ಹಾಡಿ ಅಳುತ್ತಾನೆ. ಶುಭ ಶುಕ್ರವಾರದ ದಿನ ಚರ್ಚಿನಲ್ಲಿ ನಡೆಯುವುದೂ ಅಂಥದ್ದೇ. ಅಂದು ಮಧ್ಯಾಹ್ನ 12ರಿಂದ 3ರವರೆಗೆ, ಬಿರುಬಿಸಿಲಿನ ಹೊತ್ತು, ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತಾರೆ. ಬಹಳ ಜನ ಉಪವಾಸವಿರುತ್ತಾರೆ. ಆ ಏಳರಲ್ಲಿ ಮೊದಲನೆಯದೇ ಕ್ಷಮೆಯ ಮಾತು. ತನ್ನನ್ನು ಮೊಳೆ ಹೊಡೆದು ತೂಗುಹಾಕಿದವರಿಗೆ ತಾವು ಮಾಡುತ್ತಿರುವುದು ಏನೆಂದು ತಿಳಿಯದು, ಅವರನ್ನು ಕ್ಷಮಿಸು ಎಂದು ತಂದೆಯಲ್ಲಿ ಕೇಳಿದ್ದು. ನಾಲ್ಕನೆಯದು ಕೈಬಿಟ್ಟೆಯಾ ಎಂಬ ಆರ್ತನಾದ. ಕ್ಷಮಿಸಿದವನಿಗೂ ಸಂಕಟ ತಪ್ಪಲಿಲ್ಲ. ಎರಡೂ ಒಂದೇ ಬಾಯಿಂದ, ಒಂದೇ ಮಧ್ಯಾಹ್ನ ಬಂದವು.

ಇನ್ನು ಕ್ಷಮೆ ಎಂದರೇನು?

ನಾನು ಕನ್ನಡ ಮೇಷ್ಟ್ರು, ಶಬ್ದದಿಂದಲೇ ಶುರುಮಾಡುತ್ತೇನೆ. ಕ್ಷಮಾ ಎಂದರೆ ಸಂಸ್ಕೃತದಲ್ಲಿ ತಾಳ್ಮೆ. ಭೂಮಿ ಎಂಬ ಅರ್ಥವೂ ಇದೆ. ಸುವಾರ್ತೆಗಳನ್ನು ಬರೆದ ಗ್ರೀಕ್ ಭಾಷೆಯಲ್ಲಿ ಕ್ಷಮಿಸು ಎಂಬುದಕ್ಕೆ ಇರುವ ಶಬ್ದಕ್ಕೆ ‘ಬಿಟ್ಟುಬಿಡು’ ಎಂದು ಅರ್ಥ. ಸಾಲ ಬಿಡುವುದಕ್ಕೂ ಅದೇ ಶಬ್ದ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ಮತ್ತಾಯನ ಸುವಾರ್ತೆಯ ಮೂಲದಲ್ಲಿ, ತಪ್ಪು ಎಂಬ ಜಾಗದಲ್ಲಿ ಇರುವುದು ಸಾಲ ಎಂಬ ಶಬ್ದವೇ. ಸಾಲ ಏನೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲ ಬಿಟ್ಟವನಿಗೆ ನಷ್ಟ ಆಗಿಯೇ ಆಗುತ್ತದೆ. ಆ ನಷ್ಟವನ್ನು ತಾನೇ ಹೊತ್ತುಕೊಂಡದ್ದಕ್ಕೆ ಕ್ಷಮೆ ಎಂದು ಹೆಸರು.

ನಮ್ಮ ಜನ ಇದಕ್ಕೆ ಇನ್ನೂ ಒಳ್ಳೆಯ ಮಾತು ಮಾಡಿದ್ದಾರೆ. ‘ತಪ್ಪಾತು, ಹೊಟ್ಟಿಗೆ ಹಾಕ್ಕೋರಿ’ ಅನ್ನುತ್ತೇವೆ. ಇನ್ನೊಬ್ಬರ ತಪ್ಪನ್ನು ನಮ್ಮ ಹೊಟ್ಟೆಯೊಳಗೆ ಹಾಕಿಕೊಳ್ಳುವುದು, ಅರಗಿಸಿಕೊಳ್ಳುವುದು. ಇನ್ನೊಂದು ಸ್ವಾರಸ್ಯ ಕೇಳಿ. ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಬಿದ್ದವನನ್ನು ಕಂಡು ಸಮಾರ್ಯದವನಿಗೆ ಕನಿಕರ ಬಂತು ಎಂದು ಲೂಕನು ಬರೆಯುತ್ತಾನೆ. ಮನೆ ಬಿಟ್ಟುಹೋದ ಮಗ ತಿರುಗಿ ಬಂದಾಗ ತಂದೆಗೆ ಕನಿಕರ ಬಂತು ಎಂದು ಬರೆಯುವಾಗಲೂ ಅದೇ ಶಬ್ದ ಬಳಸುತ್ತಾನೆ. ಗ್ರೀಕಿನಲ್ಲಿ ಆ ಶಬ್ದ ಹುಟ್ಟಿದ್ದು ಕರುಳು ಎಂಬುದರಿಂದ. ‘ಕರುಳು ಚುರ್ ಅಂತು’ ಎಂದು ನಮ್ಮ ತಾಯಂದಿರು ಹೇಳುವುದು ಅದನ್ನೇ. ಎರಡು ಸಾವಿರ ವರ್ಷದ ಹಿಂದಿನ, ಸಮುದ್ರದಾಚೆಯ ಜನರೂ ನಮ್ಮ ಅವ್ವಂದಿರೂ ಕರುಣೆ ಹೊಟ್ಟೆಯಲ್ಲೇ ಹುಟ್ಟುತ್ತದೆ ಎಂದು ಕಂಡುಕೊಂಡಿದ್ದಾರೆ.

ಯೇಸು ಹೇಳಿದ ಒಂದು ಕಥೆಯಲ್ಲಿ ರಾಜನಿಗೆ ಒಬ್ಬ ಸೇವಕ ಹತ್ತು ಸಾವಿರ ತಲಾಂತು ಸಾಲಗಾರ. ಒಂದು ತಲಾಂತು ಎಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಲೆಕ್ಕ ಹಾಕಿ ಮಕ್ಕಳೇ, ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ರಾಜ ಅಷ್ಟನ್ನೂ ಬಿಟ್ಟ. ಹೊರಗೆ ಬಂದ ಆ ಸೇವಕ, ತನಗೆ ನೂರು ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ, ಜೈಲಿಗೆ ಹಾಕಿಸಿದ. ನೂರು ದಿನದ ಕೂಲಿಯೂ ಸಣ್ಣದೇನಲ್ಲ, ಅದು ನಿಜವಾದ ಸಾಲವೇ. ಆದರೆ ತನಗೆ ಬಿಟ್ಟದ್ದನ್ನು ಅವನು ಹೊಸಲು ದಾಟುವಷ್ಟರಲ್ಲಿ ಮರೆತ. ನಮ್ಮನ್ನು ಎಷ್ಟು ಜನ ಎಷ್ಟು ಸಲ ಹೊಟ್ಟೆಗೆ ಹಾಕಿಕೊಂಡಿದ್ದಾರೆ ಎಂಬ ಲೆಕ್ಕ ನಾವು ಇಡುವುದಿಲ್ಲ. ಈ ಶಾಲೆಯ ಮೇಷ್ಟ್ರುಗಳನ್ನೇ ಕೇಳಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕ್ಷಮೆಯ ಉಪದೇಶ ಅನೇಕ ಸಲ ತಪ್ಪು ಜಾಗಕ್ಕೆ ಹೋಗಿ ಬೀಳುತ್ತದೆ. ಕುಡಿದು ಹೊಡೆಯುವ ಗಂಡನಿಗೆ ಯಾರೂ ಏನೂ ಹೇಳುವುದಿಲ್ಲ, ಹೊಡೆತ ತಿಂದವಳಿಗೆ ‘ಕ್ಷಮಿಸಿಬಿಡಮ್ಮ’ ಎನ್ನುತ್ತಾರೆ. ಕೆರೆಯ ನೀರು ಮುಟ್ಟಗೊಡದವರಿಗೆ ಯಾರೂ ಏನೂ ಹೇಳುವುದಿಲ್ಲ, ದೂರ ನಿಂತವರಿಗೆ ‘ಹಳೆಯದನ್ನೆಲ್ಲ ಮರೆತುಬಿಡ್ರಪ್ಪ’ ಎನ್ನುತ್ತಾರೆ. ತಪ್ಪು ಮಾಡಿದವನು ಕ್ಷಮೆಯನ್ನು ಬೇಡಬಹುದು, ಹಕ್ಕಿನಿಂದ ವಸೂಲಿ ಮಾಡುವ ಹಾಗಿಲ್ಲ. ಮತ್ತಾಯನ ಸುವಾರ್ತೆಯ ಅದೇ 18ನೇ ಅಧ್ಯಾಯದಲ್ಲಿ ಕ್ರಮವೂ ಇದೆ. ನಿನಗೆ ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡು. ನಮ್ಮ ಊರ ಕಟ್ಟೆಯ ಪಂಚಾಯಿತಿಯಲ್ಲಿ ಹಿರಿಯರು ಹೇಳುತ್ತಿದ್ದದ್ದೂ ಹೀಗೇ. ತಪ್ಪನ್ನು ತಪ್ಪು ಎಂದು ಹೇಳದೆ ಕ್ಷಮೆಗೆ ದಾರಿಯಿಲ್ಲ.

ಇದಕ್ಕೆ ನಮ್ಮ ದೇಶದಲ್ಲೇ ಆದ ಒಂದು ಉದಾಹರಣೆ ಇದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರ ಎಂಬ ಹಳ್ಳಿಯಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಮಕ್ಕಳು, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ, ಜೀಪಿನಲ್ಲಿ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದರು. ಹೆಂಡತಿ ಗ್ಲಾಡಿಸ್ ಮತ್ತು ಮಗಳು ಉಳಿದರು. ಕೊಂದವರನ್ನು ತಾನು ಕ್ಷಮಿಸಿದ್ದೇನೆ ಎಂದು ಗ್ಲಾಡಿಸ್ ಹೇಳಿದರು. ಹೇಳಿ ಊರು ಬಿಟ್ಟು ಹೋಗಲಿಲ್ಲ, 2004ರವರೆಗೆ ಅಲ್ಲೇ ಇದ್ದು ಆ ರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅವರು ಕ್ಷಮಿಸಿದರೆಂದು ನ್ಯಾಯಾಲಯದ ಕೆಲಸ ನಿಲ್ಲಲಿಲ್ಲ. ಮುಖ್ಯ ಅಪರಾಧಿಗೆ ಮೊದಲು ಮರಣದಂಡನೆಯಾಗಿ, ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾನೂನು ತನ್ನ ಕೆಲಸ ಮಾಡಿತು, ಆ ತಾಯಿ ತನ್ನ ಕೆಲಸ ಮಾಡಿದಳು.

ಕ್ರೈಸ್ತರದೇ ಉದಾಹರಣೆ ಕೊಟ್ಟೆ ಅನ್ನಬೇಡಿ. ನಮ್ಮ ಪಕ್ಕದ ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇಟ್ಟ ಹುತಾತ್ಮರ ಸ್ಮಾರಕವಿದೆ, ನೀವೆಲ್ಲ ನೋಡಿದ್ದೀರಿ. ಆ ಬೂದಿಯ ಹಿಂದೆ ಒಂದು ಕ್ಷಮೆಯ ಸಂಗತಿ ಇದೆ. ಗಾಂಧೀಜಿಯನ್ನು ಕೊಂದವನಿಗೆ ಗಲ್ಲುಶಿಕ್ಷೆ ಬೇಡ ಎಂದು ಸರ್ಕಾರವನ್ನು ಕೇಳಿಕೊಂಡವರಲ್ಲಿ ಗಾಂಧೀಜಿಯ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸ್ ಇದ್ದರು. ಸರ್ಕಾರ ಒಪ್ಪಲಿಲ್ಲ, 1949ರ ನವೆಂಬರಿನಲ್ಲಿ ಗಲ್ಲಾಯಿತು. ಆದರೆ ತಂದೆಯನ್ನು ಕಳೆದುಕೊಂಡ ಮಕ್ಕಳು ಕೇಳಿದರು ಎಂಬುದು ಉಳಿಯಿತು. ಮುಂದಿನ ಸಲ ಕೂಡ್ಲಿಗಿಗೆ ಹೋದಾಗ ಮಕ್ಕಳಿಗೆ ಇದನ್ನೂ ಹೇಳಿ.

ದೊಡ್ಡವರ ಮಾತಾಯಿತು. ನಮ್ಮ ಮನೆಯ ಮಾತಿಗೆ ಬರುತ್ತೇನೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಬೇರೆ ಬೇರೆ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ನಾವು ಸಿ.ಎಸ್.ಐ. ಎನ್ನುವುದು, ಹುಟ್ಟಿತು. 1950ರಲ್ಲಿ ಅದು ತನ್ನದೇ ಪ್ರಭುಭೋಜನದ ಕ್ರಮ ಮಾಡಿಕೊಂಡಿತು. ಕೇರಳದ ಸಿರಿಯನ್ ಕ್ರೈಸ್ತರಲ್ಲಿದ್ದ ಒಂದು ಹಳೆಯ ಪದ್ಧತಿಯನ್ನು ಅದರಲ್ಲಿ ಸೇರಿಸಿದರು. ಅದಕ್ಕೆ ಸಮಾಧಾನ ಕೊಡುವುದು ಎನ್ನುತ್ತೇವೆ. ಕಾಣಿಕೆ ಅರ್ಪಿಸುವ ಮೊದಲು ಪಾದ್ರಿಗಳು ಮುಂದಿನವರ ಬಲ ಅಂಗೈಗೆ ತಮ್ಮ ಬಲ ಅಂಗೈ ಸೇರಿಸಿ, ಮೇಲೆ ಎಡಗೈ ಮುಚ್ಚಿ ಸಮಾಧಾನ ಕೊಡುತ್ತಾರೆ. ಅವರು ಪಕ್ಕದವರಿಗೆ, ಅವರು ಇನ್ನೊಬ್ಬರಿಗೆ. ಹಾಗೆ ಕೈಯಿಂದ ಕೈಗೆ ಇಡೀ ಸಭೆಗೆ ಹೋಗುತ್ತದೆ. ದಕ್ಷಿಣ ಭಾರತದಿಂದ ಇದನ್ನು ನೋಡಿ ಹೊರದೇಶದ ಸಭೆಗಳೂ ಕಲಿತವು. ಇದರ ಬೇರು ಯೇಸುವಿನ ಒಂದು ಮಾತಿನಲ್ಲಿದೆ. ಕಾಣಿಕೆ ತಂದಾಗ ಅಣ್ಣತಮ್ಮನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು, ಮೊದಲು ಹೋಗಿ ಅವನ ಕೂಡ ರಾಜಿಯಾಗಿ ಬಾ ಎಂಬ ಮಾತು.

ನನ್ನ ತಂದೆ ಮತ್ತು ನನ್ನ ದೊಡ್ಡಪ್ಪ ಒಂದು ಬದುವಿನ ಸಲುವಾಗಿ 11 ವರ್ಷ ಮಾತು ಬಿಟ್ಟಿದ್ದರು. ಬದು ಎಷ್ಟು ಅಗಲ? ಎರಡು ಗೇಣು. ಚರ್ಚಿನಲ್ಲಿ ಒಬ್ಬರು ಆ ಕಡೆಯ ಬೆಂಚು, ಒಬ್ಬರು ಈ ಕಡೆಯ ಬೆಂಚು. ನಮ್ಮಜ್ಜಿ ತೀರಿಕೊಂಡ ಮೇಲಿನ ಭಾನುವಾರ ಜನ ಹೆಚ್ಚಾಗಿ, ದೊಡ್ಡಪ್ಪ ನಮ್ಮ ಬೆಂಚಿನ ತುದಿಗೆ ಬಂದು ಕೂಡಬೇಕಾಯಿತು. ಸಮಾಧಾನ ಕೈಯಿಂದ ಕೈಗೆ ಬರುತ್ತಾ ಬರುತ್ತಾ ದೊಡ್ಡಪ್ಪನ ಹತ್ತಿರ ಬಂತು. ಮುಂದೆ ಇದ್ದದ್ದು ನನ್ನ ತಂದೆ. ದೊಡ್ಡಪ್ಪ ಕೈ ಮುಂದೆ ಮಾಡಿದರು. ತಂದೆ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಹಿಡಿದರು. ಹಿಡಿದವರು ಬಿಡಲಿಲ್ಲ, ನನಗೆ ಕೊಡಬೇಕಾದ ಸಮಾಧಾನ ಬಹಳ ತಡವಾಗಿ ಬಂತು.

ಕಥೆ ಅಲ್ಲಿಗೇ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಬದುವಿನ ಕೇಸು ಆಮೇಲೂ ನಾಲ್ಕು ವರ್ಷ ನಡೆಯಿತು. ಸರ್ವೆಯವರು ಬಂದರು, ಸರಪಳಿ ಹಿಡಿದರು, ಕಲ್ಲು ನೆಟ್ಟರು. ಆದರೆ ಕೋರ್ಟಿನ ತಾರೀಖಿಗೆ ಅಣ್ಣತಮ್ಮ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು, ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ವಕೀಲರಿಗೇ ಆಶ್ಚರ್ಯ! ತಕರಾರು ಉಳಿದಿತ್ತು, ದ್ವೇಷ ಹೋಗಿತ್ತು. ಕ್ಷಮೆ ಎಂದರೆ ಹೀಗೂ ಇರುತ್ತದೆ ಎಂದು ನಾನು ಕಲಿತದ್ದು ಅವರಿಂದ.

ದಸರೆಗೆ ನಾವೆಲ್ಲ ಬನ್ನಿ ಕೊಡುವುದು ಮತ್ತೇನು? ಬನ್ನಿ ತಗೊಂಡು ಬಂಗಾರದಂಗಿರೋಣ ಎಂದು ಸಣ್ಣವರು ದೊಡ್ಡವರ ಕಾಲಿಗೆರಗುತ್ತಾರೆ. ವರ್ಷವಿಡೀ ಮುಖ ನೋಡದವರ ಮನೆಗೂ ಆ ದಿನ ಬನ್ನಿ ಹಿಡಿದು ಹೋಗುವ ನೆಪ ಸಿಗುತ್ತದೆ. ಮನುಷ್ಯನಿಗೆ ಮನಸ್ಸಿದ್ದರೂ ನೆಪ ಬೇಕು. ಆರಾಧನೆ, ಹಬ್ಬ ಎಲ್ಲ ಅಂಥ ನೆಪವನ್ನು ವರ್ಷವರ್ಷ ತಂದುಕೊಡುತ್ತವೆ. ಜೈನರು ಪರ್ಯೂಷಣದ ಕೊನೆಗೆ ಪರಸ್ಪರ ಕ್ಷಮೆ ಕೇಳುವುದೂ ಇಂಥದ್ದೇ.

ಕೊನೆಯದಾಗಿ, ಇನ್ನೊಬ್ಬರನ್ನು ಅರ್ಥಮಾಡಿಕೊಳ್ಳುವುದು. ಮೊದಲು ಹೇಳಿದ ಸಮಾರ್ಯದವನ ಕಥೆಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಅವನ ಜನರೇ ಆದ ಯಾಜಕ, ಲೇವಿಯ ಇಬ್ಬರೂ ನೋಡಿ ಆಚೆ ಬದಿಯಿಂದ ಹೋದರು. ನಿಂತವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಅವನು ಗಾಯ ಕಟ್ಟಿ, ತನ್ನ ಸವಾರಿಯ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು, ಹೆಚ್ಚಾದರೆ ಬರುವಾಗ ಕೊಡುತ್ತೇನೆ ಎಂದು ಹೋದ. ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸು ಹೇಳಿದ ಕಥೆ ಇದು. ಕಥೆ ಕೇಳಿದ ಯೆಹೂದ್ಯರಿಗೆ ನುಂಗಲಾರದ ತುತ್ತು. ತಾವು ಯಾರನ್ನು ದೂರ ಇಟ್ಟಿದ್ದರೋ ಅವನ ಒಳ್ಳೆಯತನವನ್ನು ತಮ್ಮ ಬಾಯಿಂದ ಒಪ್ಪಿಕೊಳ್ಳಬೇಕಾಯಿತು. ನಾವು ಈ ಕಥೆಯನ್ನು ನಮ್ಮ ಊರಿಗೆ ತಂದು ಹೇಳಿಕೊಳ್ಳಬೇಕು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಲ್ಲಿ ನಾನು ಬಿದ್ದಿದ್ದೇನೆ. ನನ್ನನ್ನು ಎತ್ತಿದವನು ಯಾರಾಗಿದ್ದರೆ ನನಗೆ ಒಪ್ಪಿಕೊಳ್ಳಲು ಕಷ್ಟವಾಗುತ್ತಿತ್ತು? ಆ ಉತ್ತರ ಪ್ರತಿಯೊಬ್ಬರಿಗೂ ಗುಟ್ಟಾಗಿ ಗೊತ್ತಿರುತ್ತದೆ. ಅಲ್ಲಿಂದಲೇ ಶುರುಮಾಡಬೇಕು.

ಈ ಶಾಲೆಯ ದೊಡ್ಡ ಉಪಕಾರ ಇದೇ. ಇಲ್ಲಿ ಬೆಂಚನ್ನು ನಾವು ಆರಿಸಿಕೊಳ್ಳಲಿಲ್ಲ. ಎತ್ತರದ ಪ್ರಕಾರ ಮೇಷ್ಟ್ರು ಕೂರಿಸಿದರು. ಗೌಡರ ಮಗನ ಪಕ್ಕ ಮಾದರ ಮಗ, ಅವನ ಪಕ್ಕ ಸಾಬರ ಹುಡುಗ, ಅವನ ಪಕ್ಕ ನಾನು. ಶಾಲೆ ಬಿಟ್ಟ ಮೇಲೆ ಬೆಂಚು ನಾವೇ ಆರಿಸಿಕೊಳ್ಳತೊಡಗಿದೆವು. ಚುನಾವಣೆ ಬಂತು, ಆಸ್ತಿ ಬಂತು, ಪಕ್ಷ ಬಂತು. ಇವತ್ತು ಐವತ್ತು ವರ್ಷದ ಮಕ್ಕಳೆಲ್ಲ ಒಂದೇ ಅಂಗಳಕ್ಕೆ ಬಂದಿದ್ದೇವೆ. ಬೆಳಗಿನಿಂದ ನೋಡುತ್ತಿದ್ದೇನೆ, ಕೆಲವರು ಕೆಲವರನ್ನು ಕಂಡು ಪೆಂಡಾಲಿನ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಾರೆ. ಯಾರೆಂದು ಹೇಳುವುದಿಲ್ಲ, ಹೆದರಬೇಡಿ.

ಇವತ್ತೇ ಎಲ್ಲ ಬಗೆಹರಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕೆಲವು ಗಾಯಕ್ಕೆ ಕಾಲ ಬೇಕು, ಕೆಲವಕ್ಕೆ ನ್ಯಾಯ ಬೇಕು. ಆದರೆ ಸ್ವಲ್ಪ ಹೊತ್ತಿನಲ್ಲಿ ಊಟಕ್ಕೆ ಪಂಕ್ತಿ ಹಾಕುತ್ತಾರೆ. ಯಾರ ಪಕ್ಕದ ಎಲೆ ಖಾಲಿ ಇದೆಯೋ ಅಲ್ಲಿ ಕೂತುಬಿಡಿ. ಮಾತಾಡದಿದ್ದರೂ ನಡೆದೀತು. ‘ಸಾರು ಇತ್ಲಾಗ ಕೊಡಪ’ ಎಂದರೆ ಸಾಕು, ಉಳಿದದ್ದು ಹೊಟ್ಟೆ ನೋಡಿಕೊಳ್ಳುತ್ತದೆ.

 ನನ್ನ ಮಾತಿನಲ್ಲಿ ಹೆಚ್ಚುಕಡಿಮೆ ಬಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.